ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿ (ಏಪ್ರಿಲ್ 23, 1858 – ಏಪ್ರಿಲ್ 5, 1922) ಸಂಸ್ಕೃತ ವಿದುಷಿ, ಸಮಾಜ ಸುಧಾರಕಿ ಹಾಗೂ ಬೈಬಲ್ ಅನುವಾದಕಿ. ಕ್ರೈಸ್ತಮತ ಸ್ವೀಕರಿಸಿದ ಮೇಲೂ ಧರ್ಮದ ವಿಷಯದಲ್ಲಿ ಸ್ವಂತ ವಿವೇಚನೆಯನ್ನು ಬಿಟ್ಟುಕೊಡದವರೆಂದು ಅವರು ಪ್ರಸಿದ್ಧರು.

ಬಾಲ್ಯ

ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳದ ಚಿತ್ಪಾವನ ಮನೆತನದವರು. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿ ಸಂಪ್ರದಾಯಸ್ಥರ ವಿರೋಧಕ್ಕೆ ಗುರಿಯಾದ ಅವರು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲೆಸಿದರು. ರಮಾಬಾಯಿ ಜನಿಸಿದ್ದು ಅಲ್ಲಿಯೇ. ಮುಂದೆ ಕುಟುಂಬವು ಪುರಾಣ ಪ್ರವಚನ ಮಾಡುತ್ತ ತೀರ್ಥಕ್ಷೇತ್ರಗಳನ್ನು ಸುತ್ತಿತು. ವ್ರತ, ದಾನ, ಉಪವಾಸಗಳಿಂದ ಪುಣ್ಯ ಸಂಪಾದಿಸಬಹುದೆಂಬ ನಂಬಿಕೆಯಲ್ಲಿ ಇದ್ದುದೆಲ್ಲವೂ ವ್ಯಯವಾಯಿತು. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ರಮಾಬಾಯಿಯವರ ಮುಂದಿನ ವಿಚಾರಗಳಿಗೆಲ್ಲ ಈ ಹಸಿವಿನ ದಿನಗಳೇ ಹಿನ್ನೆಲೆ ಎನ್ನಬಹುದು.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರಿಗೆ 'ಪಂಡಿತಾ', 'ಸರಸ್ವತಿ' ಬಿರುದುಗಳನ್ನಿತ್ತರು. ಆದರೆ ಅಲ್ಲಿ ಧರ್ಮಶಾಸ್ತ್ರಗಳನ್ನು ಓದಿದಾಗ ಸ್ತ್ರೀಯರಿಗೂ ಶೂದ್ರರಿಗೂ ಮೋಕ್ಷದ ನೇರ ದಾರಿ ಇಲ್ಲವೆಂದು ಅವರಿಗೆ ತೋರಿತು. 1880ರಲ್ಲಿ ಬಿಪಿನ್ ಬಿಹಾರಿ ಮೇಧಾವಿಯವರನ್ನು ವರಿಸಿದರು. ಎರಡೇ ವರ್ಷಗಳಲ್ಲಿ ವಿಧವೆಯಾದರು.

ದೀಕ್ಷಾಸ್ನಾನ ಮತ್ತು ರಕ್ಷಣೆಯ ಪ್ರಶ್ನೆ

1883ರಲ್ಲಿ ಇಂಗ್ಲೆಂಡಿಗೆ ತೆರಳಿ, ಸೆಪ್ಟೆಂಬರ್ 29ರಂದು ವಾಂಟೇಜ್‌ನಲ್ಲಿ ಮಗಳು ಮನೋರಮೆಯೊಡನೆ ದೀಕ್ಷಾಸ್ನಾನ ಪಡೆದರು. ಆದರೂ ತ್ರಿಯೇಕತ್ವದಂತಹ ಸಿದ್ಧಾಂತಗಳನ್ನು ಪ್ರಶ್ನಿಸುತ್ತಲೇ ಇದ್ದರು. ಒಂದು ಪುರೋಹಿತವರ್ಗದ ನೊಗ ಕಳಚಿ ಬಂದವಳು ಇನ್ನೊಂದಕ್ಕೆ ಕೊರಳೊಡ್ಡಲಾರೆನೆಂಬುದು ಸಿಸ್ಟರ್ ಜೆರಾಲ್ಡೀನ್ ಅವರೊಂದಿಗಿನ ಪತ್ರವ್ಯವಹಾರದಲ್ಲಿ ಅವರ ವಾದ.

1891ರಲ್ಲಿ ಎರಡನೆಯ ತಿರುವು ಬಂದಿತು. ತನಗೆ ದೊರೆತದ್ದು ಕ್ರೈಸ್ತಧರ್ಮವೇ ಹೊರತು ಕ್ರಿಸ್ತನಲ್ಲ ಎಂದು ಅವರಿಗೆ ಅನಿಸಿತು. ರಕ್ಷಣೆಯು ಜಾತಿ, ಲಿಂಗ, ಸತ್ಕರ್ಮಗಳನ್ನು ನೋಡದೆ ನಂಬಿದವರಿಗೆ ಈಗಲೇ ದೊರೆಯುವ ಉಚಿತ ವರವೆಂದು ಆಗ ನಿಶ್ಚಯಿಸಿಕೊಂಡರು. ಹಾಗೆ ಪಡೆದ ರಕ್ಷಣೆ ಮುಂದೆ ಕಳೆದುಹೋಗಬಹುದೇ ಎಂಬುದು ಕ್ಯಾಲ್ವಿನ್ ಮತ್ತು ವೆಸ್ಲಿ ಅನುಯಾಯಿಗಳ ಹಳೆಯ ವಿವಾದ. ರಮಾಬಾಯಿ ತಮ್ಮ ಸಂಸ್ಥೆಯನ್ನು ಯಾವ ಪಂಗಡಕ್ಕೂ ಒಪ್ಪಿಸಲಿಲ್ಲ.

ಸಂಸ್ಥೆಗಳು

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದ ಶಾರದಾ ಸದನದಲ್ಲಿ ಮತಬೋಧನೆ ಇರದೆಂದು ಒಪ್ಪಂದವಿತ್ತು. ಸದನವು ಪುಣೆಗೆ ಸ್ಥಳಾಂತರಗೊಂಡ ಮೇಲೆ, ಕೆಲವು ಹುಡುಗಿಯರು ರಮಾಬಾಯಿಯವರ ಖಾಸಗಿ ಪ್ರಾರ್ಥನೆಗೆ ಬರತೊಡಗಿದರು. ಅವರು ಬಾಗಿಲು ಮುಚ್ಚಲು ಒಪ್ಪಲಿಲ್ಲ. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದವರು ಸಲಹಾ ಸಮಿತಿಯಿಂದ ಹೊರನಡೆದರು. ಅನ್ನ, ಆಶ್ರಯ ಕೊಟ್ಟವರ ಎದುರು ಎಳೆಯರ ಆಯ್ಕೆ ಎಷ್ಟು ಸ್ವತಂತ್ರ ಎಂಬ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ.

1896–97ರ ಕ್ಷಾಮದ ಅನಾಥೆಯರಿಗೆ ಪುಣೆ ಸಮೀಪದ ಕೆಡಗಾಂವ್‌ನ 'ಮುಕ್ತಿ' ಆಶ್ರಯವಾಯಿತು. ಕೊನೆಯ ವರ್ಷಗಳಲ್ಲಿ ಗುಲಬರ್ಗಾದಲ್ಲಿಯೂ ಶಾಲೆ ತೆರೆದರು. ಮೂಲ ಹೀಬ್ರೂ, ಗ್ರೀಕ್ ಕಲಿತು ಅವರು ಮಾಡಿದ ಸಂಪೂರ್ಣ ಬೈಬಲಿನ ಮರಾಠಿ ಅನುವಾದ ಮರಣಾನಂತರ ಪ್ರಕಟವಾಯಿತು.