ಸಾಂಟಿಯಾಗೊ ರಾಮೋನ್ ಇ ಕಹಾಲ್

ಸಾಂಟಿಯಾಗೊ ರಾಮೋನ್ ಇ ಕಹಾಲ್ (ಮೇ 1, 1852 – ಅಕ್ಟೋಬರ್ 17, 1934) ಸ್ಪೇನ್ ದೇಶದ ವೈದ್ಯ, ಅಂಗಾಂಶ ವಿಜ್ಞಾನಿ ಹಾಗೂ ಆಧುನಿಕ ನರವಿಜ್ಞಾನದ ಸ್ಥಾಪಕರಲ್ಲಿ ಒಬ್ಬರು. ರೆಟಿನಾ ಎಂದೂ ಕರೆಯಲಾಗುವ ಅಕ್ಷಿಪಟಲದ ನರಕೋಶಗಳ ಅಧ್ಯಯನಕ್ಕೆ ಇವರು ಬುನಾದಿ ಹಾಕಿದರು.

ಬಾಲ್ಯ ಮತ್ತು ಶಿಕ್ಷಣ

ಕಹಾಲ್ ಜನಿಸಿದ್ದು ಪೆತಿಯಾ ದೆ ಆರಗೋನ್ ಎಂಬ ಹಳ್ಳಿಯಲ್ಲಿ. ಚಿತ್ರಕಾರನಾಗಬೇಕೆಂಬುದು ಬಾಲಕನ ಹಂಬಲ. ಮಗ ವೈದ್ಯನಾಗಬೇಕೆಂಬುದು ಶಸ್ತ್ರವೈದ್ಯರಾದ ತಂದೆಯ ಹಠ. ಓದಿನಲ್ಲಿ ಶಿಸ್ತಿಲ್ಲದ ಮಗನನ್ನು ತಂದೆಯು ಕ್ಷೌರಿಕನ ಬಳಿಯೂ ಚಮ್ಮಾರನ ಬಳಿಯೂ ಕೆಲಸಕ್ಕೆ ಬಿಟ್ಟಿದ್ದುಂಟು. ಮುಂದೆ ಹಳೆಯ ಸ್ಮಶಾನದ ಮೂಳೆಗಳನ್ನು ತೋರಿಸಿ ಅಂಗರಚನಾಶಾಸ್ತ್ರ ಕಲಿಸಿದಾಗ, ಮೂಳೆಗಳ ಚಿತ್ರ ಬರೆಯುತ್ತಲೇ ಆ ಶಾಸ್ತ್ರದಲ್ಲಿ ಮಗನಿಗೆ ಆಸಕ್ತಿ ಮೂಡಿತು. 1873ರಲ್ಲಿ ಸರಗೋಸಾದಲ್ಲಿ ವೈದ್ಯಕೀಯ ಶಿಕ್ಷಣ ಮುಗಿಸಿದ ಕಹಾಲ್, ಸೇನಾ ವೈದ್ಯರಾಗಿ ಕ್ಯೂಬಾಕ್ಕೆ ತೆರಳಿ, ಮಲೇರಿಯಾಕ್ಕೆ ತುತ್ತಾಗಿ 1875ರಲ್ಲಿ ಮರಳಿದರು. ಅನಂತರ ವೆಲೆನ್ಸಿಯಾ, ಬಾರ್ಸಿಲೋನಾ ಮತ್ತು ಮ್ಯಾಡ್ರಿಡ್‌ಗಳಲ್ಲಿ ಪ್ರಾಧ್ಯಾಪಕರಾಗಿದ್ದರು.

ಸಂಶೋಧನೆ

ನರಮಂಡಲವು ಒಂದಕ್ಕೊಂದು ಬೆಸೆದ ಅಖಂಡ ಜಾಲವೆಂಬುದು ಅಂದಿನ ಪ್ರಬಲ ಅಭಿಪ್ರಾಯವಾಗಿತ್ತು. 1887ರಲ್ಲಿ ಕಹಾಲ್, ಇಟಲಿಯ ಕ್ಯಾಮಿಲೊ ಗಾಲ್ಗಿ ರೂಪಿಸಿದ ಬೆಳ್ಳಿಲವಣದ ವರ್ಣಲೇಪನ ವಿಧಾನವನ್ನು ಕಂಡು, ಅದನ್ನು ಸುಧಾರಿಸಿದರು. ಬೆಳೆದ ಮಿದುಳಿನಲ್ಲಿ ತಂತುಗಳು ದಟ್ಟವಾಗಿ ಹೆಣೆದಿರುವುದರಿಂದ, ಭ್ರೂಣಗಳನ್ನೂ ಎಳೆಯ ಪ್ರಾಣಿಗಳನ್ನೂ ಆರಿಸಿಕೊಂಡರು. ಪ್ರತಿಯೊಂದು ನರಕೋಶವೂ ಸ್ವತಂತ್ರ ಘಟಕವೆಂದು ಅಲ್ಲಿ ಕಂಡುಬಂದಿತು. ಫಲಿತಾಂಶಗಳನ್ನು 1888ರಲ್ಲಿ ಸ್ವಂತ ಖರ್ಚಿನ ಪತ್ರಿಕೆಯಲ್ಲಿ ಪ್ರಕಟಿಸಿದರು. ಸ್ಪ್ಯಾನಿಷ್ ಬರಹವು ಹೊರದೇಶಗಳಲ್ಲಿ ಗಮನ ಸೆಳೆಯದಿದ್ದಾಗ, 1889ರಲ್ಲಿ ಬರ್ಲಿನ್ನಿನ ಸಮ್ಮೇಳನಕ್ಕೆ ಹೋಗಿ ತಮ್ಮ ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿ, ಹಿರಿಯ ವಿಜ್ಞಾನಿ ಆಲ್ಬರ್ಟ್ ಕೋಲಿಕರ್ ಅವರ ಮನ್ನಣೆ ಗಳಿಸಿದರು. 1890ರಲ್ಲಿ, ಬೆಳೆಯುವ ನರತಂತುವಿನ ತುದಿಯಲ್ಲಿರುವ ಬೆಳವಣಿಗೆಯ ಶಂಕುವನ್ನು ವರ್ಣಿಸಿದರು.

1893ರಲ್ಲಿ ಕಶೇರುಕಗಳ ಅಕ್ಷಿಪಟಲವನ್ನು ಕುರಿತ ಅವರ ಫ್ರೆಂಚ್ ಪ್ರಬಂಧ ಪ್ರಕಟವಾಯಿತು. ದೃಷ್ಟಿಸಂಜ್ಞೆಯು ಬೆಳಕುಗ್ರಾಹಿ ಕೋಶಗಳಿಂದ ದ್ವಿಧ್ರುವ ಕೋಶಗಳಿಗೆ, ಅಲ್ಲಿಂದ ಗ್ಯಾಂಗ್ಲಿಯಾನ್ ಕೋಶಗಳ ಮೂಲಕ ಮಿದುಳಿನೆಡೆಗೆ ಸಾಗುವ ದಾರಿಯನ್ನು ಅವರು ಗುರುತಿಸಿದರು.

ನೊಬೆಲ್ ಪ್ರಶಸ್ತಿ

1906ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಕಹಾಲ್ ಮತ್ತು ಗಾಲ್ಗಿ ಹಂಚಿಕೊಂಡರು. ಗಾಲ್ಗಿ ಮಾತ್ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ ನರಕೋಶ ಸಿದ್ಧಾಂತವನ್ನು ವಿರೋಧಿಸಿದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಕೋಶಗಳ ನಡುವಿನ ಕಿರಿದಾದ ಅಂತರವನ್ನು ತೋರಿಸಿ, ಕಹಾಲ್ ಪಕ್ಷವನ್ನು ಸಮರ್ಥಿಸಿತು.

ಪರಂಪರೆ

ಭ್ರೂಣದ ಅಕ್ಷಿಪಟಲದಲ್ಲಿ ಒಂದೇ ಬಗೆಯ ಮೂಲಕೋಶಗಳಿಂದ ಭಿನ್ನ ನರಕೋಶಗಳು ಮೂಡುವುದನ್ನು ವಂಶವಾಹಿಗಳು ನಿಯಂತ್ರಿಸುತ್ತವೆಂದು ಇಂದು ತಿಳಿದಿದೆ. ಕಣ್ಣು ರೂಪುಗೊಳ್ಳಲು ಪ್ಯಾಕ್ಸ್-6 ವಂಶವಾಹಿ ಅಗತ್ಯ. ಮೊದಲು ಹುಟ್ಟುವ ಗ್ಯಾಂಗ್ಲಿಯಾನ್ ಕೋಶಗಳಿಗೆ ಏಟೋ-7 ಬೇಕು. ಅದಿಲ್ಲದ ಇಲಿಗಳಲ್ಲಿ ಈ ಕೋಶಗಳ ಬಹುಪಾಲು ಮೂಡುವುದೇ ಇಲ್ಲ. ಈ ವಂಶವಾಹಿಗಳ ಅರಿವು ಕಹಾಲರ ಕಾಲಕ್ಕೆ ಇರಲಿಲ್ಲ; ಆದರೆ ಅವುಗಳ ಪರಿಣಾಮವನ್ನು ಇಂದು ಅಳೆಯುವುದು ಅವರು ಚಿತ್ರಿಸಿ ವಿಂಗಡಿಸಿದ ಕೋಶವರ್ಗಗಳಲ್ಲಿಯೇ. ಅವರ ಚಿತ್ರಗಳನ್ನೊಳಗೊಂಡ ದಾಖಲೆಗಳು 2017ರಲ್ಲಿ ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿದವು.