ಪರನಾಡಿನಲ್ಲಿ ಬಾಳಿದ ‘ದೊಡ್ಡ ಸ್ವಾಮಿಯವರು’

ಬಿಡದಿ ಹೋಬಳಿಯ ಬೈರಮಂಗಲದ ಸುತ್ತಣ ಊರುಗಳಲ್ಲಿ, ಮಗನೊಬ್ಬ ದುಡಿಮೆಗಾಗಿ ಬೆಂಗಳೂರಿಗೆ ಹೊರಟರೂ ಬಹು ದೂರ ಹೋದನೆಂದು ಹೆತ್ತವರು ಮರುಗುತ್ತಿದ್ದ ಕಾಲವೊಂದಿತ್ತು. ಇಂದು ನಮ್ಮ ಯುವಕ ಯುವತಿಯರು ಕೊಲ್ಲಿ ರಾಷ್ಟ್ರಗಳಿಗೆ, ಜರ್ಮನಿಗೆ, ಕೆನಡಾಕ್ಕೆ ಹೊರಟು ನಿಲ್ಲುತ್ತಾರೆ. ತಾಯಂದಿರು ಸಾರಿನ ಪುಡಿಯನ್ನೂ ಹುರುಳಿಕಾಳನ್ನೂ ಕಟ್ಟಿಕೊಟ್ಟು, ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಕಳುಹಿಸುತ್ತಾರೆ. ಇತ್ತ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯು 1997ರಲ್ಲಿ ಸ್ಥಾಪನೆಗೊಂಡು ಬಿಡದಿಯಲ್ಲಿ ಕಾರ್ಖಾನೆ ತೆರೆದ ಬಳಿಕ, ಜಪಾನಿನಿಂದ ಇಲ್ಲಿಗೆ ದುಡಿಯಲು ಬಂದವರನ್ನೂ ನಮ್ಮ ಜನ ಕಂಡಿದ್ದಾರೆ. ಹೋಗುವವರನ್ನೂ ಬರುವವರನ್ನೂ ಕಾಡುವ ಪ್ರಶ್ನೆ ಒಂದೇ: ಹುಟ್ಟಿ ಬೆಳೆಯದ ನಾಡು ತನ್ನದಾಗುವುದು ಹೇಗೆ?

ಬೈರಮಂಗಲದಿಂದ ಬಿಡದಿಗೆ ಬಂದು ಮೈಸೂರಿನ ಹಳೆಯ ಹೆದ್ದಾರಿಯನ್ನು ಹಿಡಿದರೆ, ಹಿಂದೆ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ದಾಟಿ ಶ್ರೀರಂಗಪಟ್ಟಣವನ್ನು ತಲುಪುತ್ತೇವೆ. ಅಲ್ಲಿನ ಗಂಜಾಮಿನಲ್ಲಿರುವ ಪುಟ್ಟ ದೇವಾಲಯವನ್ನು ಜನ ಇಂದಿಗೂ ಅಬ್ಬೆ ದ್ಯುಬುವಾ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ಮೇಲಿನ ಪ್ರಶ್ನೆಗೆ ತಮ್ಮ ಬಾಳಿನ ಮೂವತ್ತು ವರ್ಷಗಳನ್ನೇ ಉತ್ತರವಾಗಿ ಕೊಟ್ಟ ಈ ಗುರುವನ್ನು ಈ ವಾರ ನೆನೆಯೋಣ.

ಜಾನ್ ಆಂತ್ವಾನ್ ದ್ಯುಬುವಾ ಅವರು 1766ರ ಸುಮಾರಿನಲ್ಲಿ ಫ್ರಾನ್ಸಿನ ಆರ್ದೆಶ್ ಸೀಮೆಯ ಸೇಂಟ್ ರೆಮೇಜ್ ಎಂಬ ಹಳ್ಳಿಯಲ್ಲಿ ಜನಿಸಿದರು. 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಸೇವಕರಾಗಿ ಅದೇ ವರ್ಷ ಭಾರತಕ್ಕೆ ಹೊರಟರು. ಆಗ ಅವರಿಗೆ ಇಪ್ಪತ್ತಾರರ ಪ್ರಾಯ. ತಾಯ್ನಾಡಿನಲ್ಲಿ ಮಹಾಕ್ರಾಂತಿಯ ಬಿರುಗಾಳಿ ಬೀಸುತ್ತಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ನಗರದಲ್ಲಿ ಇನ್ನೂರಕ್ಕೂ ಹೆಚ್ಚು ಗುರುಗಳು ಹತ್ಯೆಗೀಡಾದರು. ಇಂತಹ ಸಮಯದಲ್ಲಿ ಮನೆ ಬಿಟ್ಟವನಿಗೆ ಬೇಸರವಾದೊಡನೆ ಹಿಂದಿರುಗುವ ಹಾದಿ ಸುಗಮವಾಗಿರಲಿಲ್ಲವೆಂಬುದನ್ನು ನಾವು ಊಹಿಸಬಹುದು.

ಮೊದಲ ಕೆಲವು ವರ್ಷಗಳನ್ನು ಅವರು ತಮಿಳು ಸೀಮೆಯಲ್ಲಿ ಕಳೆದರು. ಐರೋಪ್ಯರ ಸಹವಾಸವನ್ನು ಆದಷ್ಟು ತೊರೆದು, ಮಾಂಸಾಹಾರವನ್ನು ಬಿಟ್ಟು, ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಈ ನೆಲದವರಂತೆಯೇ ಬಾಳತೊಡಗಿದರು. ಇದು ಅವರು ಹೊಸದಾಗಿ ಕಂಡುಹಿಡಿದ ಹಾದಿಯಲ್ಲ. ಹದಿನೇಳನೆಯ ಶತಮಾನದಲ್ಲಿಯೇ ಮಧುರೆಯಲ್ಲಿ ರಾಬರ್ಟ್ ದೆ ನೊಬಿಲಿಯವರೂ, ಬಳಿಕ ಮೈಸೂರು ಸಂಸ್ಥಾನದಲ್ಲಿ ಲಿಯೊನಾರ್ಡೊ ಚಿನ್ನಮಿಯವರೂ ಈ ದಾರಿಯನ್ನು ತುಳಿದಿದ್ದರು. ಆದರೆ ಉಡುಪನ್ನು ಒಂದು ದಿನದಲ್ಲಿ ಬದಲಿಸಬಹುದು, ನಾಲಿಗೆಯನ್ನು ಕೆಲವು ವರ್ಷಗಳಲ್ಲಿ ಪಳಗಿಸಬಹುದು. ಜನರ ನಂಬುಗೆಯನ್ನು ಗಳಿಸುವುದು ಅಷ್ಟು ಸುಲಭವಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ಬಳಿಕ ದ್ಯುಬುವಾ ಅವರು ಕನ್ನಡ ನಾಡಿಗೆ ಬಂದರು. ಕರ್ನಲ್ ವೆಲ್ಲೆಸ್ಲಿಯವರ ಶಿಫಾರಸಿನ ಮೇರೆಗೆ ಅವರಿಗೆ ಕರೆ ಬಂದಿತೆಂಬ ಪ್ರತೀತಿಯಿದೆ. ಅಲ್ಲಿ ಅವರನ್ನು ಎದುರುಗೊಂಡದ್ದು ಚದುರಿಹೋಗಿದ್ದ ಮಂದೆ. 1773ರಲ್ಲಿ ಯೇಸುಸಭೆ ವಿಸರ್ಜನೆಗೊಂಡಾಗಲೇ ಮೈಸೂರಿನ ಕ್ರೈಸ್ತರಿಗೆ ಗುರುಗಳ ಕೊರತೆ ಉಂಟಾಗಿತ್ತು. 1784ರಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದ ಕ್ರೈಸ್ತರಲ್ಲಿ ಅಳಿದವರು ಅಳಿದು, ಉಳಿದವರು ಆಗಷ್ಟೇ ಬಿಡುಗಡೆ ಹೊಂದಿದ್ದರು. ಬಂದ ಗುರುವೂ ನೆಮ್ಮದಿಯಿಂದಿರುವ ಸ್ಥಿತಿಯಲ್ಲಿರಲಿಲ್ಲ: ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ನಡೆದಿದ್ದ ದಿನಗಳಲ್ಲಿ ಅವರು ಇಂಗ್ಲಿಷರ ಕಣ್ಗಾವಲಿನ ನಾಡಿನಲ್ಲಿದ್ದ ಫ್ರೆಂಚರು. ಜನರಿಗೂ ಪರಕೀಯರು, ಆಳುವವರಿಗೂ ಪರಕೀಯರು.

ಈ ಎರಡು ಬಗೆಯ ಪರಕೀಯತೆಯನ್ನು ಕಳೆದದ್ದು ಅವರ ವೇಷವಲ್ಲ, ಜನರ ಕಷ್ಟಕ್ಕೆ ಕೊಟ್ಟ ಹೆಗಲು. ಸಿಡುಬು ಅಂದು ಮನೆಮನೆಯ ಮಾರಿಯಾಗಿತ್ತು. ಬದುಕಿದವರಲ್ಲಿಯೂ ಕಣ್ಣು ಕಳೆದುಕೊಂಡವರು, ಮುಖವಿಡೀ ಕಲೆ ಹೊತ್ತವರು ಅನೇಕರು. ಗೋಸಿಡುಬಿನಿಂದ ಪಡೆದ ಲಸಿಕೆ 1802ರಲ್ಲಿ ಭಾರತವನ್ನು ತಲುಪಿತು. ಅಮ್ಮನ ಆಟವೆಂದು ಕೈಮುಗಿಯುತ್ತಿದ್ದ ರೋಗಕ್ಕೆ ತೋಳಿಗೆ ಚುಚ್ಚಿಸಿಕೊಳ್ಳಬೇಕೆಂದರೆ ಜನ ಹೆದರಿದುದು ಸಹಜ. ಮುಂದಿನ ಒಂದೆರಡು ವರ್ಷಗಳಲ್ಲಿಯೇ ದ್ಯುಬುವಾ ಅವರು ಆ ಹೆದರಿಕೆಯನ್ನು ಬಿಡಿಸಿ, ಮೈಸೂರು ಸೀಮೆಯ ಸಾವಿರಾರು ಮಂದಿಗೆ ಲಸಿಕೆ ಹಾಕಿಸಿದರು. ಅಪರಿಚಿತನ ಮುಂದೆ ಯಾವ ತಾಯಿ ತಾನೇ ಮಗುವಿನ ತೋಳನ್ನು ಒಡ್ಡಿಯಾಳು? ಅಷ್ಟು ಹೊತ್ತಿಗೆ ಅವರು ಅಪರಿಚಿತರಾಗಿ ಉಳಿದಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ನೆಲೆಯಿಲ್ಲದ ಕ್ರೈಸ್ತ ಕುಟುಂಬಗಳು ಉತ್ತು ಬಿತ್ತು ಬದುಕುವಂತಾಗಲೆಂದು ಹಾಸನದ ಸಮೀಪ ಬೇಸಾಯದ ನೆಲೆಯೊಂದನ್ನೂ ಅವರು ಸ್ಥಾಪಿಸಿದರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು.

ಈ ನಡುವೆ, ತಾವು ಕಂಡ ಹಾಗೂ ಓದಿದ ಆಚಾರ ವಿಚಾರಗಳನ್ನು ಅವರು ಬರೆದಿಟ್ಟಿದ್ದರು. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರ ಮೂಲಕ ಹಸ್ತಪ್ರತಿ ಮದರಾಸನ್ನು ಸೇರಿತು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅದನ್ನು 2,000 ವರಹಗಳಿಗೆ ಕೊಂಡುಕೊಂಡು, ಬಳಿಕ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಈ ಗ್ರಂಥವೇ ಅವರನ್ನು ಜಗದ್ವಿಖ್ಯಾತರನ್ನಾಗಿಸಿತು.

ಆದರೆ ಮಹನೀಯರ ಬಾಳನ್ನು ಹೇಳುವಾಗ ಕುಂದುಗಳನ್ನು ಮುಚ್ಚಿಡುವುದು ಸಲ್ಲದು. ಆ ಗ್ರಂಥದ ಬಹುಭಾಗವು ಅವರಿಗಿಂತ ಹಿಂದೆ ಪಾಂಡಿಚೇರಿಯಲ್ಲಿದ್ದ ಯೇಸುಸಭೆಯ ಗುರು ಕೇರ್ದೂ ಅವರ ಬರಹವನ್ನು ಅವಲಂಬಿಸಿದೆಯೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1970–80ರ ದಶಕಗಳಲ್ಲಿ ತೋರಿಸಿಕೊಟ್ಟರು. ತಾವು ಉಂಡುಟ್ಟು ಬಾಳಿದ ಸಮಾಜದ ಬಗೆಗೆ ಅದರಲ್ಲಿರುವ ಎಷ್ಟೋ ಮಾತುಗಳು ಕಟುವಾಗಿವೆ. ಬೇರೆಯವರಂತೆ ಉಟ್ಟವನು ಬೇರೆಯವರಂತೆ ಭಾವಿಸಿಯಾನೆಂದು ಹೇಳಲಾಗದು. ತಮ್ಮ ಶ್ರಮಕ್ಕೆ ತಕ್ಕ ಫಲ ದೊರೆಯಲಿಲ್ಲವೆಂಬ ನೋವೂ ಅವರಿಗಿತ್ತು. ಹಿಂದೂಗಳನ್ನು ಮತಾಂತರಗೊಳಿಸುವುದು ಆಗದ ಕೆಲಸವೆಂದು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ನೇರವಾಗಿಯೇ ಸಾರಿದರು. ಅದು ಅಂದಿನ ಅನೇಕ ಮಿಷನರಿಗಳನ್ನು ಕೆರಳಿಸಿತು.

ಅದೇ 1823ರಲ್ಲಿ, ಕಂಪನಿಯು ಕೊಟ್ಟ ವಿಶ್ರಾಂತಿ ವೇತನದೊಡನೆ ಅವರು ಫ್ರಾನ್ಸಿಗೆ ಮರಳಿದರು. ಇಪ್ಪತ್ತಾರರಲ್ಲಿ ಹೊರಟವರು ಐವತ್ತೇಳರಲ್ಲಿ ಊರು ಕಂಡರು. ಬಿಟ್ಟುಬಂದ ಫ್ರಾನ್ಸ್ ಈಗ ಇರಲಿಲ್ಲ. ಅರಸರು, ಕ್ರಾಂತಿ, ನೆಪೋಲಿಯನ್ ಎಲ್ಲವೂ ಬಂದುಹೋಗಿದ್ದವು. ಹುಟ್ಟಿದ ನಾಡಿಗೇ ಮತ್ತೊಮ್ಮೆ ಹೊಂದಿಕೊಳ್ಳಬೇಕಾಗಿ ಬಂದ ಆ ದಿನಗಳಲ್ಲಿ ಅವರ ಕೈ ಹಿಡಿದದ್ದು ಪಂಚತಂತ್ರದ ಕಥೆಗಳು. ತಮಿಳು, ತೆಲುಗು, ಕನ್ನಡ ಪ್ರತಿಗಳಿಂದ ಆಯ್ದು ಅವುಗಳನ್ನು ಫ್ರೆಂಚಿಗೆ ತಂದು 1826ರಲ್ಲಿ ಪ್ರಕಟಿಸಿದರು. ಮುಂದೆ 1836ರಿಂದ 1839ರವರೆಗೆ ತಮ್ಮ ಸಂಸ್ಥೆಯ ಶ್ರೇಷ್ಠರಾಗಿ ಸೇವೆ ಸಲ್ಲಿಸಿ, 1848ರ ಫೆಬ್ರವರಿಯಲ್ಲಿ ಪ್ಯಾರಿಸಿನಲ್ಲಿ ದೈವಾಧೀನರಾದರು.

ಪರದೇಶಕ್ಕೆ ಹೊರಡುವ ನಮ್ಮ ಮಕ್ಕಳಿಗೆ ಈ ಬಾಳು ಹೇಳುವುದೇನು? ಹೊಸ ಉಡುಪು, ಹೊಸ ಊಟ, ಹೊಸ ಮಾತು ಇವೆಲ್ಲ ಹೊಸ್ತಿಲು ಮಾತ್ರ. ಆ ನಾಡಿನ ನೋವಿನಲ್ಲಿ ಪಾಲು ತೆಗೆದುಕೊಂಡ ದಿನವೇ ಒಳಮನೆಗೆ ಪ್ರವೇಶ ದೊರೆಯುವುದು. ಆಗಲೂ ಮನದ ಒಂದು ಮೂಲೆ ಹೊರಗೇ ಉಳಿದರೆ ನಾಚಬೇಕಿಲ್ಲ. ದೊಡ್ಡ ಸ್ವಾಮಿಯವರಿಗೂ ಅದು ತಪ್ಪಲಿಲ್ಲ.

ಊರಿನಲ್ಲಿ ಉಳಿದ ನಮಗೂ ಇಲ್ಲಿ ಪಾಠವುಂಟು. ಅವರಿಗೆ ಆ ಹೆಸರಿಟ್ಟವರು ಎಲ್ಲವನ್ನೂ ಕಳೆದುಕೊಂಡು ಬಂದಿದ್ದ ಬಡ ಕನ್ನಡ ಕ್ರೈಸ್ತರು. ಇಂದು ಬಿಡದಿಯ ಕಾರ್ಖಾನೆಗಳಿಗೆ ದೂರದ ರಾಜ್ಯಗಳಿಂದ ಬಂದು, ಬಾಡಿಗೆಯ ಒಂದೇ ಕೋಣೆಯಲ್ಲಿ ನಾಲ್ಕಾರು ಮಂದಿ ಬಾಳುವ ಯುವಕರು ನಮ್ಮ ಭಾನುವಾರದ ಪೂಜೆಯಲ್ಲಿ ಹಿಂದಿನ ಸಾಲಿನಲ್ಲಿ ನಿಂತಿರಬಹುದು. ಅವರ ಹೆಸರೇನೆಂದು ನಾವು ಕೇಳಿದ್ದೇವೆಯೇ? ಯಾವುದೋ ದೂರದೂರಿನಲ್ಲಿ ನಮ್ಮ ಮಕ್ಕಳನ್ನು ಯಾರಾದರೂ ಹೆಸರು ಹಿಡಿದು ಕರೆಯಲೆಂದು ಹಾರೈಸುವ ನಾವು, ಮೊದಲು ಇವರತ್ತ ತಿರುಗಿ ನೋಡಬೇಕಾಗಿದೆ.