ಯಾರು ಗೆದ್ದರೂ 12 ಹೊನ್ನು: ಗಣಿತಜ್ಞ ಮಹಾವೀರಾಚಾರ್ಯರು ಮತ್ತು ಅವರ ಪಣದ ಲೆಕ್ಕ

ಸುಮಾರು 1,150 ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿ ಬಾಳಿ, ಜಗತ್ತಿನ ಗಣಿತದ ಚರಿತ್ರೆಯಲ್ಲಿ ಹೆಸರು ಉಳಿಸಿಹೋದವರು ಮಹಾವೀರಾಚಾರ್ಯರು. ಅವರ ಹೆಸರನ್ನು ನಮ್ಮಲ್ಲಿ ಅನೇಕರು ಶಾಲೆಯ ಪುಸ್ತಕದಲ್ಲಿ ಓದಿ ಮರೆತಿದ್ದೇವೆ. ಆದರೆ ಪಣ ಮತ್ತು ಅದೃಷ್ಟದ ಬಗ್ಗೆ ಅವರು ಬಿಟ್ಟುಹೋದ ಒಂದು ಲೆಕ್ಕ ಇಂದಿಗೂ ಹಳತಾಗಿಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಹೀಗೆ ಘಟ್ಟದ ಮೇಲಿನ ನಮ್ಮ ಎಲ್ಲ ಊರುಗಳ ಕುಟುಂಬಗಳೂ ಆ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬೇಕು ಎಂಬ ಆಶಯದಿಂದ ಅವರ ಬದುಕನ್ನು ಇಲ್ಲಿ ನೆನೆಯುತ್ತಿದ್ದೇವೆ.

ಮಹಾವೀರಾಚಾರ್ಯರು 9ನೇ ಶತಮಾನದ ದಿಗಂಬರ ಜೈನ ವಿದ್ವಾಂಸರು. ಜೈನರ 24ನೇ ತೀರ್ಥಂಕರ ಮಹಾವೀರರು ಬೇರೆ, ಇವರು ಬೇರೆ. ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇವರು ಬಾಳಿದರು. ಆಗ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅಮೋಘವರ್ಷನು ಸುಮಾರು 64 ವರ್ಷಗಳ ಕಾಲ ರಾಜ್ಯವಾಳಿದನು. ಕನ್ನಡದಲ್ಲಿ ನಮಗೆ ಉಳಿದುಬಂದಿರುವ ಅತ್ಯಂತ ಹಳೆಯ ಗ್ರಂಥವಾದ ಕವಿರಾಜಮಾರ್ಗವೂ ಅವನ ಆಸ್ಥಾನದ ಕೊಡುಗೆಯೇ. ನಮ್ಮ ಬನವಾಸಿ ನಾಡು ಕೂಡ ಆ ರಾಜ್ಯಕ್ಕೆ ಸೇರಿತ್ತು. ಅದನ್ನು ಅಮೋಘವರ್ಷನ ಪರವಾಗಿ ನೋಡಿಕೊಂಡ ಬಂಕೆಯನ ಹೆಸರು ಮುಂಡಗೋಡಿನ ನೆರೆಯ ಬಂಕಾಪುರದಲ್ಲಿ ಇಂದಿಗೂ ಉಳಿದಿದೆ.

ಸುಮಾರು ಕ್ರಿ.ಶ. 850ರ ಹೊತ್ತಿಗೆ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಎಂಬ ಗ್ರಂಥವನ್ನು ರಚಿಸಿದರು. ಆರಂಭದಲ್ಲಿ ತಮ್ಮ ಜಿನದೇವನಿಗೆ ವಂದಿಸಿ, ದೊರೆಯನ್ನು ಹೊಗಳಿ, ಅಲ್ಲಿಂದ ನೇರವಾಗಿ ಗಣಿತದ ಮಾತಿಗೆ ಬರುತ್ತಾರೆ. ತಮ್ಮ ಬಗ್ಗೆ ಹೇಳಿಕೊಳ್ಳುವ ಆಸೆ ಅವರಿಗಿರಲಿಲ್ಲ. ಹಿಂದಿನ ಗುರುಗಳ ಜ್ಞಾನಸಾಗರದಿಂದ ಕೆಲವು ರತ್ನಗಳನ್ನು ಆರಿಸಿ ತಂದವನು ತಾನು ಎಂಬುದಷ್ಟೇ ಅವರ ವಿನಯದ ಪರಿಚಯ. ಗಣಿತವು ವ್ಯಾಪಾರಿಗೆ ಮಾತ್ರವಲ್ಲ, ಅಡುಗೆಯವನಿಗೆ, ವೈದ್ಯನಿಗೆ, ಸಂಗೀತಗಾರನಿಗೆ, ಮನೆ ಕಟ್ಟುವವನಿಗೆ, ಎಲ್ಲರಿಗೂ ಬೇಕು ಎಂಬುದು ಅವರ ದೃಢ ನಂಬಿಕೆಯಾಗಿತ್ತು. ಆ ಕಾಲದ ಅನೇಕ ಪಂಡಿತರು ಗಣಿತವನ್ನು ಖಗೋಳ ಗ್ರಂಥದ ಒಂದು ಅಧ್ಯಾಯವಾಗಿ ಬರೆಯುತ್ತಿದ್ದರೆ, ಇವರು 1,100ಕ್ಕೂ ಹೆಚ್ಚು ಪದ್ಯಗಳ ಇಡೀ ಗ್ರಂಥವನ್ನು ಗಣಿತಕ್ಕೇ ಮೀಸಲಿಟ್ಟರು.

ಅವರ ಲೆಕ್ಕಗಳಲ್ಲಿ ಒಂದು ಅಡುಗೆಮನೆಯಿಂದಲೇ ಬಂದದ್ದು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ 6 ರುಚಿಗಳಿವೆ. ಒಂದೊಂದಾಗಿ, ಎರಡೆರಡಾಗಿ, ಮೂರುಮೂರಾಗಿ ಹೀಗೆ ಸೇರಿಸುತ್ತಾ ಹೋದರೆ ಒಟ್ಟು ಎಷ್ಟು ಬಗೆಯಾಗುತ್ತದೆ? ಕ್ರಮವಾಗಿ 6, 15, 20, 15, 6, 1, ಒಟ್ಟು 63. ಎಷ್ಟೇ ವಸ್ತುಗಳಿದ್ದರೂ ಅವುಗಳಿಂದ ಬೇಕಾದಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಅವರು ಸಾಮಾನ್ಯ ಸೂತ್ರವನ್ನೇ ಕೊಟ್ಟರು. ಅದೃಷ್ಟದ ಆಟಗಳನ್ನು ಲೆಕ್ಕ ಹಾಕುವುದಕ್ಕೆ ಈ ಸೂತ್ರವೇ ಅಡಿಪಾಯ. ಒಂದು ನಾಣ್ಯವನ್ನು 6 ಸಲ ಚಿಮ್ಮಿದರೆ 64 ಬಗೆಯ ಫಲಿತಾಂಶಗಳು ಸಾಧ್ಯ. ಅವುಗಳಲ್ಲಿ ಸರಿಯಾಗಿ 3 ಸಲ ತಲೆ ಬೀಳುವ ಬಗೆಗಳು 20, ಆರೂ ಸಲ ತಲೆ ಬೀಳುವ ಬಗೆ 1 ಮಾತ್ರ. ರುಚಿಗಳನ್ನು ಎಣಿಸಿದಾಗ ಬಂದ ಸಂಖ್ಯೆಗಳೇ ಇಲ್ಲಿಯೂ ಬರುತ್ತವೆ.

ಇನ್ನು ನಾವು ಹೇಳಹೊರಟ ಲೆಕ್ಕಕ್ಕೆ ಬರೋಣ. ಒಂದು ಕಡೆ ಕೋಳಿ ಅಂಕ ನಡೆದಿದೆ. ಮಂತ್ರ, ಔಷಧ ಬಲ್ಲ ದೊಡ್ಡ ಮನುಷ್ಯನೊಬ್ಬ ಅಲ್ಲಿಗೆ ಬಂದು ಇಬ್ಬರು ಮಾಲೀಕರ ಬಳಿಯೂ ಬೇರೆ ಬೇರೆಯಾಗಿ ಗುಟ್ಟಿನಲ್ಲಿ ಮಾತನಾಡುತ್ತಾನೆ. ಮೊದಲನೆಯವನು ಗೆದ್ದರೆ ತನ್ನ ಪಣದಷ್ಟು ಹಣವನ್ನು ಇವನಿಗೆ ಕೊಡಬೇಕು. ಸೋತರೆ ಆ ಪಣದ ಮೂರರಲ್ಲಿ ಎರಡು ಪಾಲನ್ನು ಇವನೇ ಅವನಿಗೆ ಕೊಡುತ್ತಾನೆ. ಎರಡನೆಯವನೊಂದಿಗೂ ಇದೇ ಒಪ್ಪಂದ, ಆದರೆ ಸೋತರೆ ಸಿಗುವುದು ನಾಲ್ಕರಲ್ಲಿ ಮೂರು ಪಾಲು. ಯಾವ ಕೋಳಿ ಗೆದ್ದರೂ ಈ ಮನುಷ್ಯನಿಗೆ ಉಳಿಯುವುದು 12 ಹೊನ್ನು. ಹಾಗಾದರೆ ಮಾಲೀಕರ ಪಣ ಎಷ್ಟೆಷ್ಟು?

ಉತ್ತರ 42 ಮತ್ತು 40. ಮೊದಲನೆಯವನು ಗೆದ್ದರೆ ಮಧ್ಯವರ್ತಿಗೆ 42 ಬರುತ್ತದೆ, ಸೋತವನಿಗೆ 40ರ ಮುಕ್ಕಾಲು, ಅಂದರೆ 30 ಕೊಡುತ್ತಾನೆ, ಉಳಿಯುವುದು 12. ಎರಡನೆಯವನು ಗೆದ್ದರೆ 40 ಬರುತ್ತದೆ. ಸೋತವನಿಗೆ 42ರ ಮೂರರಲ್ಲಿ ಎರಡು ಪಾಲು, ಅಂದರೆ 28 ಕೊಡುತ್ತಾನೆ. ಉಳಿಯುವುದು ಮತ್ತೆ 12.

ಈ 12 ಹೊನ್ನು ಯಾರ ಜೇಬಿನಿಂದ ಬಂತು? ಗೆದ್ದವನಿಗೆ ಎದುರಾಳಿಯ ಪಣ ಸೇರುತ್ತದೆ ಎಂದು ಇಟ್ಟುಕೊಂಡು ನಾವೇ ಲೆಕ್ಕವನ್ನು ಮುಂದುವರಿಸೋಣ. ಮೊದಲನೆಯವನು ಗೆದ್ದು 40 ಪಡೆದು 42 ಕೊಟ್ಟರೆ ಗೆದ್ದ ಮೇಲೂ ಅವನಿಗೆ 2 ಹೊನ್ನು ನಷ್ಟ. ಎರಡನೆಯವನು 40 ಕಳೆದುಕೊಂಡು 30 ಪಡೆದರೆ 10 ನಷ್ಟ. ಒಟ್ಟು 12. ಎರಡನೆಯವನೇ ಗೆದ್ದರೆ ಅವನಿಗೆ ಸಿಗುವ ಲಾಭ ಬರೀ 2, ಸೋತವನಿಗೆ 14 ನಷ್ಟ. ಆಗಲೂ ಮಧ್ಯದವನಿಗೆ 12. ಕೋಳಿಗಳು ಕಾದಾಡಿದವು, ಮಾಲೀಕರು ಅದೃಷ್ಟವನ್ನು ನಂಬಿದರು, ನಡುವೆ ನಿಂತವನು ಮಾತ್ರ ಅದೃಷ್ಟವನ್ನು ನಂಬಲೇ ಇಲ್ಲ. ಅವನು ಲೆಕ್ಕವನ್ನು ನಂಬಿದ.

ಮಹಾವೀರಾಚಾರ್ಯರ ನಂತರ ಸುಮಾರು 800 ವರ್ಷಗಳಿಗೆ, 1654ರಲ್ಲಿ, ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಮತ್ತು ಪಿಯರ್ ಫರ್ಮಾ ಎಂಬ ಗಣಿತಜ್ಞರು ಪತ್ರಗಳ ಮೂಲಕ ಇನ್ನೊಂದು ಪಣದ ಸಮಸ್ಯೆಯನ್ನು ಚರ್ಚಿಸಿದರು. ಆಟ ಅರ್ಧಕ್ಕೆ ನಿಂತರೆ ಪಣದ ಹಣವನ್ನು ನ್ಯಾಯವಾಗಿ ಹಂಚುವುದು ಹೇಗೆ ಎಂಬುದು ಅವರ ಪ್ರಶ್ನೆ. ಸಂಭವನೀಯತೆಯ ಗಣಿತ ಬೆಳೆದದ್ದು ಆ ಪತ್ರಗಳಿಂದ. ಯಾರು ಗೆಲ್ಲುವ ಸಾಧ್ಯತೆ ಎಷ್ಟು ಎಂಬುದು ಪಾಸ್ಕಲರ ದಾರಿಯಾದರೆ, ಯಾರು ಗೆದ್ದರೂ ಲಾಭ ಯಾರಿಗೆ ಎಂಬುದನ್ನು ನಮ್ಮ ನಾಡಿನ ಆಚಾರ್ಯರು ಅದಕ್ಕೂ ಮೊದಲೇ ತೋರಿಸಿಕೊಟ್ಟಿದ್ದರು.

ಅವರ ಗ್ರಂಥ ಅಳಿಯಲಿಲ್ಲ. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದನು. ಮದ್ರಾಸಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಹೋಲಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಅಚ್ಚು ಹಾಕಿಸಿದರು. ಅವರು ಬಳಸಿದ ಪ್ರತಿಗಳಲ್ಲಿ ನಮ್ಮ ಕರಾವಳಿಯ ಮೂಡಬಿದಿರೆಯ ಜೈನ ಮಠದಲ್ಲಿದ್ದ ಕನ್ನಡ ಲಿಪಿಯ ತಾಳೆಗರಿಯೂ ಒಂದು. 2000ದಲ್ಲಿ ಪದ್ಮಾವತಮ್ಮ ಅವರ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾಯಿತು.

ಕೋಳಿ ಅಂಕದ ಆ ಮಧ್ಯವರ್ತಿ ಇಂದು ರೂಪ ಬದಲಿಸಿದ್ದಾನೆ. ಓಸಿ ಚೀಟಿ ಬರೆಯುವವನಲ್ಲಿ, ಕ್ರಿಕೆಟ್ ಬೆಟ್ಟಿಂಗ್ ನಡೆಸುವವನಲ್ಲಿ, ಮೊಬೈಲಿನ ಆಟದಲ್ಲಿ ಅವನೇ ಇದ್ದಾನೆ. 10 ಅಂಕೆಗಳ ಮೇಲೆ 10 ಜನ ತಲಾ 10 ರೂಪಾಯಿ ಕಟ್ಟಿದರು, ಗೆದ್ದವನಿಗೆ 90 ರೂಪಾಯಿ ಸಿಕ್ಕಿತು ಎಂದುಕೊಳ್ಳಿ. ಯಾವ ಅಂಕೆ ಬಂದರೂ ನಡೆಸುವವನಿಗೆ 10 ರೂಪಾಯಿ ಖಚಿತ. ದಿನವೂ ಆಡುವವನ ಕೂಲಿ ಹೀಗೆ ಸೋರಿಹೋಗುತ್ತದೆ. ನಡುನಡುವೆ ಬರುವ ಒಂದು ಗೆಲುವು ಆ ಸೋರಿಕೆಯನ್ನು ಮರೆಸುತ್ತದೆ. ಕರ್ನಾಟಕ ಸರ್ಕಾರ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿತು. ಕಾನೂನು ಬೇಕು, ಆದರೆ ಕದ್ದು ಆಡುವವನ ಮನಸ್ಸನ್ನು ಅದೊಂದೇ ತಿರುಗಿಸಲಾರದು.

ಆದುದರಿಂದ ಯುವಜನರ ಸಭೆಗಳಲ್ಲಿ, ಸ್ವಸಹಾಯ ಸಂಘಗಳ ಕೂಟಗಳಲ್ಲಿ, ಮಕ್ಕಳ ರಜಾ ಶಿಬಿರಗಳಲ್ಲಿ ಸೇವೆ ಮಾಡುವ ನಮ್ಮ ಕಾರ್ಯಕರ್ತರು ಈ ಲೆಕ್ಕವನ್ನು ಒಮ್ಮೆ ಆಡಿಸಿ ನೋಡಲಿ. ನೂರು ಹುಣಸೆ ಬೀಜಗಳು, ಮೂವರು ಮಕ್ಕಳು ಸಾಕು. ಒಬ್ಬರ ಮುಂದೆ 42, ಇನ್ನೊಬ್ಬರ ಮುಂದೆ 40, ನಡುವೆ ನಿಂತವರ ಕೈಯಲ್ಲಿ ಉಳಿದ 18. ಹತ್ತು ಸಲ ನಾಣ್ಯ ಚಿಮ್ಮಿ, ಪ್ರತಿ ಸಲವೂ ಯಾರಿಗೆ ಎಷ್ಟು ಲಾಭ, ಎಷ್ಟು ನಷ್ಟ ಎಂದು ಹಲಗೆಯ ಮೇಲೆ ಬರೆಯುತ್ತಾ ಹೋಗಲಿ. ಕೊನೆಗೆ ನಡುವಿನವರ ಹೆಸರಿನಲ್ಲಿ 120 ಇರುತ್ತದೆ. ಅದು ಎಲ್ಲಿಂದ ಬಂತು ಎಂಬುದನ್ನು ಮಕ್ಕಳೇ ಮನೆಗೆ ಹೋಗಿ ಅಪ್ಪನಿಗೆ, ಅಣ್ಣನಿಗೆ ಹೇಳುತ್ತಾರೆ.